ಹೆಕಟೆ ದೇವಿಯ ಎಡೆ ಮತ್ತು ಬೆನ್ನು ಹಾಕಿ ಕುಳಿತ ನಾಯಿಗಳು

ಒಂದು ಕಾಡಿನಲ್ಲಿ ಮೂರು ದಾರಿಗಳು ಬಂದು ಕೂಡುವ ಜಾಗವಿತ್ತು. ಈ ಕಾಡು ನಮ್ಮ ಕಡೆಯದಲ್ಲ. ಕಡಲು ದಾಟಿ ಬಹಳ ದೂರ ಹೋದರೆ ಸಿಗುವ ಗ್ರೀಕರ ನಾಡಿನದು. ಕಾಲವೂ ಈಗಿನದಲ್ಲ. ಆಗ ಅಲ್ಲಿಯ ದೇವತೆಗಳು ಗುಡಿಯಲ್ಲಿ ಕುಳಿತು ಬೇಸರವಾದರೆ ಎದ್ದು ಕಾಡುಮೇಡು ಸುತ್ತುತ್ತಿದ್ದರಂತೆ. ಅವರಲ್ಲಿ ಇಬ್ಬರು ದೇವಿಯರಿಗೆ ನಾಯಿಗಳೆಂದರೆ ಪ್ರಾಣ. ಒಬ್ಬಳು ಆರ್ಟೆಮಿಸ್. ಬಿಲ್ಲು ಹಿಡಿದು ಬೇಟೆಗೆ ಹೋಗುವವಳು. ಅವಳ ಮುಂದೆ ಬೇಟೆನಾಯಿಗಳ ಹಿಂಡೇ ಓಡುತ್ತಿತ್ತು. ಇನ್ನೊಬ್ಬಳು ಹೆಕಟೆ. ಕತ್ತಲೆಯ ದೇವಿ, ದಾರಿಗಳು ಕೂಡುವ ಜಾಗವನ್ನು ಕಾಯುವವಳು. ಅವಳು ಬಂದರೆ ಮನುಷ್ಯರ ಕಣ್ಣಿಗೆ ಕಾಣುತ್ತಿರಲಿಲ್ಲ. ನಾಯಿಗಳಿಗೆ ಮಾತ್ರ ತಿಳಿಯುತ್ತಿತ್ತು. ನಾಯಿಗಳು ಬೊಗಳಿದರೆ ದೇವಿ ಬಂದಳೆಂದು ಜನ ಕೈ ಮುಗಿಯುತ್ತಿದ್ದರು.

ಆ ಮೂರು ದಾರಿ ಕೂಡುವಲ್ಲಿ ಹೆಕಟೆಯ ಕಲ್ಲಿನ ಮೂರ್ತಿಯಿತ್ತು. ಒಂದೊಂದು ದಾರಿಗೆ ಒಂದೊಂದು ಮುಖ. ಒಂದೊಂದು ದಾರಿ ಒಂದೊಂದು ಹಳ್ಳಿಗೆ ಹೋಗುತ್ತಿತ್ತು. ಅಮಾವಾಸ್ಯೆಯ ಸಂಜೆ ಮೂರೂ ಹಳ್ಳಿಗಳ ಹೆಂಗಸರು ಬಂದು ಮೂರ್ತಿಯ ಕೆಳಗೆ ದೇವಿಗೆ ಎಡೆ ಇಡುತ್ತಿದ್ದರು. ಜವೆಗೋಧಿ ರೊಟ್ಟಿ, ಬೇಯಿಸಿದ ಮೊಟ್ಟೆ, ಸುಟ್ಟ ಮೀನು, ಜೇನು ಸುರಿದ ಸಿಹಿ ರೊಟ್ಟಿ, ಎಲ್ಲವೂ ಇರುತ್ತಿತ್ತು. ಎಡೆ ಇಟ್ಟವರು ಮಾತಾಡದೆ ಹೊರಡಬೇಕು, ತಿರುಗಿ ನೋಡಬಾರದು. ಅದು ಅಲ್ಲಿಯ ಕಟ್ಟುನಿಟ್ಟು. ಮನೆ ಸೇರಿ ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದರು. ನಾಯಿಗಳ ಬೊಗಳು ಕೇಳಿಸಿದರೆ ಸಮಾಧಾನದಿಂದ ಒಳಗೆ ಹೋಗಿ ಊಟಕ್ಕೆ ಕೂರುತ್ತಿದ್ದರು.

ಆಮೇಲೆ ಎಡೆ ಏನಾಗುತ್ತಿತ್ತು? ನಾಯಿಗಳು ತಿನ್ನುತ್ತಿದ್ದವು. ಇನ್ನೇನಾಗಬೇಕು? ಆ ಕಾಡಿನಂಚಿನಲ್ಲಿ ಯಾರ ಮನೆಗೂ ಸೇರದ ನಾಯಿಗಳ ಗುಂಪೊಂದಿತ್ತು. ಅದರ ಹಿರಿಯಳು ಆಲ್ಕೆ ಎಂಬ ಹೆಣ್ಣುನಾಯಿ. ಅಮಾವಾಸ್ಯೆಯ ಸಂಜೆ ತಣ್ಣನೆಯ ಗಾಳಿಯೊಂದು ಸುಳಿದು ಆಲ್ಕೆಯ ಕತ್ತಿನ ಕೂದಲು ನೆಟ್ಟಗಾಗುತ್ತಿತ್ತು. ದೇವಿ ಬಂದಳೆಂದು ಅವಳು ಬೊಗಳುತ್ತಿದ್ದಳು. ಉಳಿದವೂ ದನಿಗೂಡಿಸುತ್ತಿದ್ದವು. ದೇವಿ ಎಡೆಯನ್ನು ಮುಟ್ಟುತ್ತಿರಲಿಲ್ಲ, ಬೇಡವೆಂದೂ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಕಾದು ನಾಯಿಗಳು ಬಾಲ ಮುದುರಿಕೊಂಡು ಬಂದು ಗಬಗಬ ತಿಂದು ಓಡಿಹೋಗುತ್ತಿದ್ದವು. ಉಳಿದ ರೊಟ್ಟಿಯನ್ನು ಮಣ್ಣಿನಲ್ಲಿ ಹೂತಿಟ್ಟು ಎಷ್ಟೋ ದಿನ ಹೊಟ್ಟೆ ಹೊರೆಯುತ್ತಿದ್ದವು. ಆದರೂ ಆಲ್ಕೆಯ ಮನಸ್ಸಿಗೆ ಒಂದು ಅಳುಕು ಇದ್ದೇ ಇತ್ತು. ದೇವಿಯ ಊಟವನ್ನು ನಾವು ತಿನ್ನುತ್ತಿದ್ದೇವಲ್ಲ, ಇದು ಕಳ್ಳತನವಲ್ಲವೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಯಾರಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ.

ಹೇಳದಿದ್ದರೇನು, ಕೆರ್ದೋ ಎಂಬ ನರಿಗೆ ಅದು ಗೊತ್ತಾಗಿಬಿಟ್ಟಿತು. ಪೊದೆಯಲ್ಲಿ ಕುಳಿತು ಎಡೆಯನ್ನು ನೋಡಿ ಬಾಯಲ್ಲಿ ನೀರೂರಿಸಿಕೊಳ್ಳುವುದು ಅದರ ಪ್ರತಿ ಅಮಾವಾಸ್ಯೆಯ ಕೆಲಸವಾಗಿತ್ತು. ಅಷ್ಟು ನಾಯಿಗಳ ನಡುವೆ ನುಗ್ಗುವ ಧೈರ್ಯ ಅದಕ್ಕಿರಲಿಲ್ಲ. ಆದರೆ ಆಲ್ಕೆ ತಿನ್ನುವಾಗ ಮೂರ್ತಿಯ ಕಡೆ ಕದ್ದು ಕದ್ದು ನೋಡುವುದನ್ನು ಅದು ಗಮನಿಸಿತ್ತು. ಇನ್ನೊಬ್ಬರ ಅಳುಕು ಎಲ್ಲಿದೆ ಎಂದು ಹುಡುಕುವುದರಲ್ಲಿ ಕೆರ್ದೋ ಎತ್ತಿದ ಕೈ.

ಚಳಿಗಾಲ ಬಂತು. ಕುರುಬರು ಕುರಿಗಳನ್ನು ಹೊಡೆದುಕೊಂಡು ಕಡಲ ಕಡೆಗೆ ಇಳಿದುಹೋದರು. ಅವರು ಎಸೆಯುತ್ತಿದ್ದ ಮೂಳೆ, ರೊಟ್ಟಿ ಇಲ್ಲವಾಯಿತು. ಅದೇ ಹೊತ್ತಿಗೆ ಆಲ್ಕೆ ಒಂದು ಗುಹೆಯಲ್ಲಿ ಮರಿ ಹಾಕಿದಳು. ಅವುಗಳಲ್ಲಿ ಮಿಕ್ಕಾ ಎಂಬ ಹೆಣ್ಣುಮರಿ ತೀರ ಸಣ್ಣದು. ಅಣ್ಣಂದಿರು ತಳ್ಳಿದರೆ ಉರುಳಿ ಬೀಳುತ್ತಿತ್ತು. ಅಮಾವಾಸ್ಯೆ ಬರಲಿ, ಎಡೆ ಸಿಗಲಿ, ಎದೆಯಲ್ಲಿ ಹಾಲು ತುಂಬಲಿ ಎಂದು ಆಲ್ಕೆ ಕಾಯುತ್ತಿದ್ದಳು. ಎಡೆಗಿಂತ ಮೊದಲು ಬಂದದ್ದು ಕೆರ್ದೋ.

ಅದು ಮೆಲ್ಲಗೆ ಹೆಜ್ಜೆ ಹಾಕುತ್ತ ಬಂತು. ಮುಖ ಗಂಭೀರವಾಗಿತ್ತು. ಆಲ್ಕೆ ಗುರುಗುಟ್ಟುವ ಮೊದಲೇ ತಲೆ ಬಾಗಿಸಿ, ತಾನು ಹೆಕಟೆ ದೇವಿಯ ಕಡೆಯಿಂದ ಬಂದಿದ್ದೇನೆ, ಮಾತು ಸ್ವಲ್ಪ ಕಹಿಯಾಗಿದೆ, ತಪ್ಪು ತಿಳಿಯಬಾರದು ಎಂದಿತು.

"ಆಲ್ಕಕ್ಕಾ, ಆರ್ಟೆಮಿಸ್ ದೇವಿಯ ನಾಯಿಗಳನ್ನು ನೋಡಿದ್ದೀಯಾ?" ಎಂದು ಕೇಳಿತು. "ಜಿಂಕೆ ಹಿಡಿದು ತಂದು ದೇವಿಯ ಪಾದದ ಹತ್ತಿರ ಇಡುತ್ತವೆ. ಒಂದು ಚೂರೂ ಬಾಯಿಗೆ ಹಾಕುವುದಿಲ್ಲ. ಅವೂ ನಾಯಿಗಳೇ. ನೀವು ಮಾಡುತ್ತಿರುವುದು ಏನು?"

ಆಲ್ಕೆಯ ಕಿವಿಗಳು ಜೋತುಬಿದ್ದವು. ತನ್ನ ವಂಶ ಆರ್ಟೆಮಿಸ್ ದೇವಿಯ ಹಿಂಡಿನಿಂದಲೇ ಬಂದದ್ದು ಎಂದು ಅವಳ ಅಜ್ಜಿ ಹೇಳುತ್ತಿದ್ದಳು. ಆ ಹೆಮ್ಮೆಯೇ ಈಗ ಅವಳನ್ನು ಚುಚ್ಚಿತು. ಕೆರ್ದೋ ಅಷ್ಟಕ್ಕೆ ಬಿಡಲಿಲ್ಲ. ಅಥೀನಾ ಎಂಬ ಇನ್ನೊಬ್ಬ ದೇವಿ ತನ್ನ ಗುಡಿಯಿರುವ ಗುಡ್ಡದ ಮೇಲೆ ನಾಯಿಗಳನ್ನು ಹತ್ತಗೊಡುವುದೇ ಇಲ್ಲವಂತೆ, ಯಾಕಿರಬಹುದು ನೀನೇ ಯೋಚಿಸು ಎಂದಿತು. ಹೆಕಟೆ ದೇವಿ ಇಷ್ಟು ದಿನ ನೋಡಿಯೂ ನೋಡದಂತೆ ಇದ್ದಳು, ಪಾಪ, ಹಸಿದುಕೊಂಡೇ ಹೋಗುತ್ತಿದ್ದಳು ಎಂದು ದೊಡ್ಡ ನಿಟ್ಟುಸಿರನ್ನೂ ಬಿಟ್ಟಿತು.

ಆಲ್ಕೆಗೆ ಅಳು ಬಂತು. ತಾನು ಇಷ್ಟು ದಿನ ಮನಸ್ಸಿನಲ್ಲೇ ಮುಚ್ಚಿಟ್ಟುಕೊಂಡದ್ದನ್ನು ಈ ನರಿ ಹೇಳುತ್ತಿದೆ ಎಂದರೆ, ಇದನ್ನು ದೇವಿಯೇ ಕಳಿಸಿರಬೇಕು ಎಂದುಕೊಂಡಳು. ಇನ್ನು ಏನು ಮಾಡಬೇಕು ಎಂದು ಕೇಳಿದಳು.

ಕೆರ್ದೋ ಕಟ್ಟಳೆಗಳನ್ನು ಮೊದಲೇ ಯೋಚಿಸಿಟ್ಟುಕೊಂಡಿತ್ತು. ಎಡೆಯ ಸಂಜೆ ನಾಯಿಗಳು ಮೂರ್ತಿಯ ಹತ್ತಿರ ಬರಬಾರದು. ದೂರದ ಆಲಿವ್ ಮರದ ಕೆಳಗೆ ಬೆನ್ನು ಹಾಕಿ ಕೂರಬೇಕು. ಎಡೆ ಇಡುವ ಮನುಷ್ಯರೇ ತಿರುಗಿ ನೋಡುವುದಿಲ್ಲ, ಇನ್ನು ನಾಯಿಗಳು ನೋಡುವುದುಂಟೇ? ಬೊಗಳಲೂ ಬಾರದು, ದೇವಿಗೆ ಇತ್ತೀಚೆಗೆ ತಲೆನೋವು. ಎಡೆಯನ್ನು ದೇವಿಗೆ ಬಡಿಸುವ ಕೆಲಸ ಕೆರ್ದೋನದು.

ನಾಯಿಗಳ ಸಭೆಯಲ್ಲಿ ಇದನ್ನು ಹೇಳಿದಾಗ ಗೊಣಗಿದವನು ಬ್ರೇಮೋನ್ ಒಬ್ಬನೇ. ಅವನು ಗುಂಪಿನಲ್ಲೇ ದೊಡ್ಡ ಗಂಟಲಿನವನು. ಬೊಗಳುವುದು ಅವನಿಗೆ ಊಟಕ್ಕಿಂತ ಇಷ್ಟ. ದೇವಿಗೆ ತಲೆನೋವು ಬರುತ್ತದೆಯೇ ಎಂದು ಅವನು ಕೇಳಿದ. ಮೂರು ತಲೆ ಇದ್ದರೆ ಬಾರದೆ ಇರುತ್ತದೆಯೇ ಎಂದು ಕೆರ್ದೋ ಕೇಳಿತು. ನಿನ್ನೆಯವರೆಗೆ ಕೆರ್ದೋನನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತಿದ್ದ ನಾಯಿಗಳು ಅಂದಿನಿಂದ ಅದನ್ನು ನರಿಯಣ್ಣನವರು ಎಂದು ಕರೆಯತೊಡಗಿದವು.

ಅಮಾವಾಸ್ಯೆ ಬಂತು. ಹೆಂಗಸರು ಎಡೆ ಇಟ್ಟು ತಿರುಗಿ ನೋಡದೆ ಹೋದರು. ನಾಯಿಗಳು ಆಲಿವ್ ಮರದ ಕೆಳಗೆ ಸಾಲಾಗಿ ಬೆನ್ನು ಹಾಕಿ ಕುಳಿತವು. ಹಿಂದಿನಿಂದ ಸುಟ್ಟ ಮೀನಿನ ಪರಿಮಳ ಬರುತ್ತಿತ್ತು. ಚಪ್ಪರಿಸುವ ಸದ್ದೂ ಬರುತ್ತಿತ್ತು. ದೇವಿಯರೂ ಚಪ್ಪರಿಸುತ್ತಾರೆಯೇ ಎಂದು ಬ್ರೇಮೋನ್ ಪಿಸುಗುಟ್ಟಿದ. ಆಲ್ಕೆ ಸುಮ್ಮನಿರು ಎಂದು ಗದರಿದಳು. ಕತ್ತಲಾಗುವ ಹೊತ್ತಿಗೆ ಕೆರ್ದೋ ಮೀಸೆ ಒರೆಸಿಕೊಳ್ಳುತ್ತ ಬಂತು. ದೇವಿ ಬಹಳ ಹಸಿದಿದ್ದಳು, ಮೊಟ್ಟೆಯ ಸಿಪ್ಪೆ ಬಿಟ್ಟು ಬೇರೇನೂ ಉಳಿಯಲಿಲ್ಲ ಎಂದಿತು. ದೇವಿ ಉಂಡಳಲ್ಲ ಎಂದು ಆಲ್ಕೆಗೆ ನಿಜವಾಗಿಯೂ ಸಂತೋಷವಾಯಿತು. ಹೊಟ್ಟೆ ಮಾತ್ರ ತಾಳ ಹಾಕುತ್ತಿತ್ತು.

ಮುಂದಿನ ದಿನಗಳು ಕಷ್ಟದವು. ಹೂತಿಟ್ಟ ರೊಟ್ಟಿ ಇರಲಿಲ್ಲ. ಆಲ್ಕೆ ಮಿಡತೆ ಹಿಡಿದು ತಿಂದಳು, ಬೇರು ಅಗಿದಳು. ಎದೆಯ ಹಾಲು ಕಡಿಮೆಯಾಯಿತು. ಗಂಡುಮರಿಗಳು ಹೇಗೋ ನುಗ್ಗಿ ಕುಡಿಯುತ್ತಿದ್ದವು. ಮಿಕ್ಕಾ ಮಾತ್ರ ಬಡಕಲಾಗುತ್ತ ಹೋಯಿತು. ಕೆರ್ದೋ ಆ ದಾರಿಯಲ್ಲಿ ಹೋಗುವಾಗ ಮರಿಯನ್ನು ನೋಡಿ, ಭಕ್ತಿ ಇದ್ದರೆ ಹಸಿವು ಕಾಣುವುದಿಲ್ಲ ಎಂದು ಉಪದೇಶ ಮಾಡಿತು. ಅದರ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ದೇವಿಯ ಸೇವೆ ಮಾಡಿದರೆ ಮೈ ಹಿಡಿಯುತ್ತದೆ ಎಂದು ಅದೇ ವಿವರಣೆಯನ್ನೂ ಕೊಟ್ಟಿತು.

ಆದರೆ ಕೆರ್ದೋ ಒಂದು ವಿಷಯ ಯೋಚಿಸಿರಲಿಲ್ಲ. ಎಡೆ ಇಟ್ಟ ಸಂಜೆ ಹೆಂಗಸರು ಬಾಗಿಲಲ್ಲಿ ನಿಂತು ಕಾದೇ ಕಾದರು. ಬೊಗಳು ಕೇಳಿಸಲಿಲ್ಲ. ದೇವಿ ಬರಲಿಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋದರು. ಮರು ಅಮಾವಾಸ್ಯೆಗೆ ಎಡೆ ಅರ್ಧವಾಯಿತು. ಅದರ ಮರು ಅಮಾವಾಸ್ಯೆಗೆ ಎರಡು ಒಣ ರೊಟ್ಟಿ, ಒಂದಿಷ್ಟು ಬೆಳ್ಳುಳ್ಳಿ. ರುಚಿ ಹತ್ತಿದ ಕೆರ್ದೋನಿಗೆ ಸಿಟ್ಟು ನೆತ್ತಿಗೇರಿತು. ಏನಾಯಿತೆಂದು ತಿಳಿಯಲು ಹಳ್ಳಿಗೆ ಹೋಗಿ ಮೆಲಿತ್ತಾ ಎಂಬ ಅಜ್ಜಿಯ ಮನೆಯ ಕಿಟಕಿಯ ಕೆಳಗೆ ಕಿವಿ ನಿಮಿರಿಸಿ ಕುಳಿತಿತು. ಎಡೆಯ ಕೆಲಸದಲ್ಲಿ ಎಲ್ಲರಿಗೂ ಹಿರಿಯಳು ಆ ಅಜ್ಜಿ. ಅಕ್ಕಪಕ್ಕದ ಹೆಂಗಸರು ಅಲ್ಲಿ ಸೇರಿದ್ದರು. ದೇವಿ ಈ ಜಾಗ ಬಿಟ್ಟುಹೋಗಿದ್ದಾಳೆ, ನಾಯಿಗಳು ಬೊಗಳದೆ ಎಷ್ಟು ಕಾಲವಾಯಿತು ಎಂದು ಅವರು ಮಾತಾಡುತ್ತಿದ್ದರು. ಈ ಸಲ ಮೂರು ಹಳ್ಳಿಯವರೂ ಸೇರಿ ಕೈ ತುಂಬ ಇಡೋಣ, ಈಗಲೂ ಬೊಗಳು ಕೇಳಿಸದಿದ್ದರೆ ಎಡೆಯನ್ನೇ ನಿಲ್ಲಿಸೋಣ ಎಂದು ಕೊನೆಗೆ ತೀರ್ಮಾನಿಸಿದರು.

ಕೆರ್ದೋ ಓಡೋಡಿ ಬಂತು. ದೇವಿಯ ತಲೆನೋವು ವಾಸಿಯಾಗಿದೆ, ನಾಳೆಯ ಅಮಾವಾಸ್ಯೆಗೆ ನೀವೆಲ್ಲ ಬೊಗಳಬೇಕು, ಬೊಗಳದಿದ್ದರೆ ಎಡೆಯೇ ನಿಂತುಹೋಗುತ್ತದೆ ಎಂದು ಆಲ್ಕೆಗೆ ಹೇಳಿತು. ಮೂರು ಹಳ್ಳಿಗೂ ಕೇಳಿಸಬೇಕಾದ್ದರಿಂದ ಒಂದೊಂದು ದಾರಿಗೆ ಒಂದೊಂದು ಗುಂಪು ನಿಲ್ಲಬೇಕು ಎಂದಿತು. ಎಂದಿನಂತೆ ಬೆನ್ನು ಮಾತ್ರ ಮೂರ್ತಿಯ ಕಡೆಗೇ ಇರಬೇಕು. ಎಲ್ಲಿ, ಒಂದು ಸಲ ಬೊಗಳಿ ತೋರಿಸಿ ಎಂದು ಕೇಳಿತು.

ನಾಯಿಗಳು ಬಾಯಿ ತೆರೆದವು. ಬೊಗಳು ಬರಲಿಲ್ಲ. ಒಂದಕ್ಕೆ ಆಕಳಿಕೆ ಬಂತು. ಒಂದು ಸೀನಿತು. ಬ್ರೇಮೋನ್ ಉಸಿರು ಕಟ್ಟಿ ಪ್ರಯತ್ನಿಸಿದಾಗ ಕುರಿ ಕೂಗಿದ ಹಾಗಾಯಿತು. ಅವನಿಗೆ ಎಷ್ಟು ನಾಚಿಕೆಯಾಯಿತೆಂದರೆ ಎಲೆಯ ರಾಶಿಯೊಳಗೆ ಮೂಗು ಹುದುಗಿಸಿಬಿಟ್ಟ.

"ಏನನ್ನೂ ನೋಡದೆ ಬೊಗಳುವುದು ಹೇಗೆ, ನರಿಯಣ್ಣನವರೇ?" ಎಂದಳು ಆಲ್ಕೆ. "ಯಾರೋ ಬಂದರೆ ಅವರ ಕಡೆ ಮುಖ ಮಾಡಿ ಬೊಗಳುತ್ತೇವೆ. ಬೆನ್ನ ಹಿಂದೆ ಬಂದವರಿಗೆ ಬೊಗಳಿ ನಮಗೆ ಅಭ್ಯಾಸವಿಲ್ಲ."

ಕೆರ್ದೋ ತಲೆ ಕೆರೆದುಕೊಂಡಿತು. ಕುರಿಯ ದನಿ ಕೇಳಿ ಯಾರು ತಾನೇ ಎಡೆ ಇಡುತ್ತಾರೆ? ಕೊನೆಗೆ ಒಂದು ಉಪಾಯ ಹೇಳಿತು. ಎಡೆಯನ್ನು ಮುಟ್ಟುವ ಮೊದಲು ತಾನು ಮೂರ್ತಿಗೆ ನಮಸ್ಕರಿಸಿ ಒಂದು ಸಲ ಕೆಮ್ಮುತ್ತೇನೆ. ಆಗ ಎಲ್ಲರೂ ತಿರುಗಿ ದೇವಿಯ ಮುಖ ನೋಡಿ ಬೊಗಳಬೇಕು. ಬೊಗಳಿ ಮತ್ತೆ ಬೆನ್ನು ಹಾಕಬೇಕು. ಆಮೇಲೆ ತಾನು ಬಡಿಸುತ್ತೇನೆ. ಹೀಗೆ ಮಾಡಿದರೆ ತಾನು ಕೈ ಮುಗಿದು ನಿಂತಿರುವುದಷ್ಟೇ ಅವಕ್ಕೆ ಕಾಣುತ್ತದೆ ಎಂದು ಅದರ ಲೆಕ್ಕ.

ಲೆಕ್ಕವೇನೋ ಚೆನ್ನಾಗಿತ್ತು. ಕೆಟ್ಟದ್ದು ಮೀನಿನಿಂದ. ಮರುದಿನ ಸೂರ್ಯ ಮುಳುಗುವಾಗ ಹೆಂಗಸರು ಇಟ್ಟ ಎಡೆಯಂಥದ್ದನ್ನು ಕೆರ್ದೋ ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಎಣ್ಣೆ ಸವರಿ ಸುಟ್ಟ ದೊಡ್ಡ ಮೀನೊಂದು ರೊಟ್ಟಿಗಳ ರಾಶಿಯ ಮೇಲೆ ಮಲಗಿತ್ತು. ಮೂರು ದಾರಿಗಳಲ್ಲೂ ನಾಯಿಗಳು ಬೆನ್ನು ಹಾಕಿ ಕೆಮ್ಮಿಗಾಗಿ ಕಾಯುತ್ತಿದ್ದವು. ಕೆರ್ದೋ ಮೂರ್ತಿಯ ಮುಂದೆ ಬಂತು. ನಮಸ್ಕರಿಸಲು ತಲೆ ಬಗ್ಗಿಸಿತು. ತಲೆ ಬಗ್ಗಿಸಿದಲ್ಲೇ ಮೀನು. ಒಂದೇ ಒಂದು ತುತ್ತು, ಆಮೇಲೆ ಕೆಮ್ಮಿದರಾಯಿತು ಎಂದುಕೊಂಡು ಬಾಯಿ ಹಾಕಿತು. ಒಂದು ತುತ್ತು ಎರಡಾಯಿತು. ಆಮೇಲೆ ಕೆಮ್ಮಿನ ನೆನಪೇ ಹೋಯಿತು. ಒಂದು ಕಾಲನ್ನು ಸಿಹಿ ರೊಟ್ಟಿಯ ಮೇಲಿಟ್ಟು, ಮೀನಿನ ತಲೆಯನ್ನು ಬಾಯಿ ತುಂಬ ಹಿಡಿದು ನುಂಗಿತು. ಮುಳ್ಳು ಗಂಟಲಿಗೆ ಅಡ್ಡ ಸಿಕ್ಕಿತು. ಆಗ ಕೆಮ್ಮು ಬಂತು. ಅಂಥ ಕೆಮ್ಮು ಬೇಕೆಂದರೂ ಬರುವುದಿಲ್ಲ.

ಕೇಳಿದ್ದೇ ತಡ, ಮೂರು ದಾರಿಯ ನಾಯಿಗಳೂ ಒಟ್ಟಿಗೇ ತಿರುಗಿದವು.

ಆಲ್ಕೆ ದೇವಿಯ ಮುಖವನ್ನು ನೋಡಲು ಹೊರಟವಳು. ಅವಳಿಗೆ ಕಂಡದ್ದು ಕೆರ್ದೋನ ಬಾಯಿ. ಬಾಯಿಯ ಎರಡೂ ಕಡೆ ಎಣ್ಣೆ ಇಳಿಯುತ್ತಿತ್ತು, ಮೀನಿನ ಚೂರೊಂದು ಹೊರಗೆ ತೂಗುತ್ತಿತ್ತು. ಮೊಟ್ಟೆಯ ಸಿಪ್ಪೆ, ತಲೆನೋವು, ಉಪದೇಶ ಎಲ್ಲವೂ ಅರ್ಥವಾಯಿತು. ತನ್ನ ಪೆದ್ದುತನಕ್ಕೆ ನಾಚಿಕೆಯಾಯಿತು. ಆಮೇಲೆ ಗುಹೆಯಲ್ಲಿ ತಲೆ ಎತ್ತಲಾರದೆ ಮಲಗಿದ್ದ ಮಿಕ್ಕಾ ನೆನಪಾಯಿತು. ನಾಚಿಕೆ ಹೋಗಿ ಮೈಯೆಲ್ಲ ಉರಿಯಿತು. ಆಗ ಅವಳು ಬೊಗಳಿದಳು. ಬ್ರೇಮೋನ್ ಇಷ್ಟು ಅಮಾವಾಸ್ಯೆಗಳಿಂದ ತಡೆದಿಟ್ಟುಕೊಂಡದ್ದನ್ನೆಲ್ಲ ಒಮ್ಮೆಗೇ ಬೊಗಳಿದ. ಮೂರು ಹಳ್ಳಿಯ ಜನ ಬೆಚ್ಚಿಬಿದ್ದು, ದೇವಿ ಬಂದಳು ಎಂದು ಕೈ ಮುಗಿದರು.

ಕೆರ್ದೋ ಕಾಲಿಗೆ ಬುದ್ಧಿ ಹೇಳಿತು. ಆದರೆ ಯಾವ ಕಡೆ ಓಡುವುದು? ಮೊದಲ ದಾರಿಯಲ್ಲಿ ಬ್ರೇಮೋನ್. ಎರಡನೆಯದರಲ್ಲಿ ಆಲ್ಕೆ. ಮೂರನೆಯದರಲ್ಲಿ ಉಳಿದ ಗುಂಪು. ಮೂರೂ ದಾರಿಗೆ ಕಾವಲು ಹಾಕಿದ್ದು ತಾನೇ ಅಲ್ಲವೇ? ಬೇರೆ ಗತಿಯಿಲ್ಲದೆ ಅದು ಮೂರ್ತಿಯ ಪೀಠದ ಮೇಲೆ ಹಾರಿ ದೇವಿಯ ಕಾಲನ್ನು ಅಪ್ಪಿಕೊಂಡಿತು. ದೇವರ ಪಾದ ಹಿಡಿದವರನ್ನು ಯಾರೂ ಮುಟ್ಟಬಾರದು ಎಂಬುದು ಗ್ರೀಕರ ನಾಡಿನಲ್ಲಿ ಎಲ್ಲರೂ ಬಲ್ಲ ನಿಯಮ.

ಆಲ್ಕೆ ಅಡ್ಡ ನಿಂತು ನಾಯಿಗಳನ್ನು ತಡೆದಳು. ಅದು ಹಿಡಿದದ್ದು ದೇವಿಯ ಪಾದವನ್ನಲ್ಲ, ತನ್ನ ಜೀವವನ್ನು ಎಂದು ಬ್ರೇಮೋನ್ ಹಲ್ಲು ಕಡಿದ. ಆದರೂ ಮುಟ್ಟಬಾರದು ಎಂದಳು ಆಲ್ಕೆ. ಮೋಸಹೋದೆನೆಂದು ದೇವಿಯ ನಿಯಮವನ್ನು ಮುರಿಯಲು ಅವಳು ತಯಾರಿರಲಿಲ್ಲ.

ಅವಳ ಈ ಗುಣವೇ ಕೆರ್ದೋನಿಗೆ ಮತ್ತೆ ಧೈರ್ಯ ಕೊಟ್ಟಿತು. ಗಂಟಲಿನ ಮುಳ್ಳಿನ ನಡುವೆಯೇ ಅದು ಮೇಲಿನಿಂದ ಬಾಯಿ ಮಾಡಿತು.

"ನನ್ನದು ತಪ್ಪೇ ಇರಲಿ, ಆಲ್ಕಕ್ಕಾ. ಆದರೆ ಎಡೆ ನಿಮ್ಮದೂ ಅಲ್ಲ. ನಾನು ತಿಂದರೆ ಕಳ್ಳ, ನೀವು ತಿಂದರೆ ಏನು?"

ರೊಟ್ಟಿಗೆ ಬಾಯಿ ಹಾಕಲು ಬಂದ ನಾಯಿಗಳು ಹಾಗೇ ನಿಂತವು. ಎಲ್ಲವೂ ಆಲ್ಕೆಯ ಮುಖ ನೋಡಿದವು. ನರಿ ಸುಳ್ಳುಗಾರ ಎಂಬುದು ಗೊತ್ತಾಗಿತ್ತು. ಆದರೆ ಆ ಮಾತು ಸುಳ್ಳೋ ನಿಜವೋ ಅವಳಿಗೆ ಗೊತ್ತಿರಲಿಲ್ಲ. ಅವಳು ಮೂರ್ತಿಯನ್ನು ನೋಡಿದಳು. ಅವಳು ಬಹಳ ಹೊತ್ತು ಯೋಚಿಸಲಿಲ್ಲ. ತಾಯಿಗೆ ಅಷ್ಟು ಪುರುಸೊತ್ತು ಎಲ್ಲಿಯದು?

"ದೇವಿ ಸಿಟ್ಟಾಗುವುದಾದರೆ ನನ್ನೊಬ್ಬಳ ಮೇಲೆ ಆಗಲಿ," ಎಂದಳು. "ನೀವೆಲ್ಲ ತಿನ್ನಿ. ನಾನು ಮುಟ್ಟುವುದಿಲ್ಲ."

ಅವಳು ಓಡಿಹೋಗಿ ಮಿಕ್ಕಾಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದಳು. ಹಿಂದೆಯೇ ಗಂಡುಮರಿಗಳೂ ಉರುಳುತ್ತ ಬಂದವು. ಮೀನಿನ ಮೆತ್ತನೆಯ ಚೂರುಗಳನ್ನು ಅವಳು ಮುಳ್ಳಿಲ್ಲದಂತೆ ಬಿಡಿಸಿ ಮಿಕ್ಕಾಳ ಮುಂದೆ ಇಟ್ಟಳು. ಮರಿ ಮೊದಲು ಮೂಸಿತು, ನೆಕ್ಕಿತು, ಆಮೇಲೆ ತಿಂದಿತು. ಉಳಿದ ನಾಯಿಗಳೂ ತಿಂದವು. ಕೆರ್ದೋ ಪೀಠದ ಮೇಲಿಂದ ಒಂದೊಂದು ತುತ್ತನ್ನೂ ಕಣ್ಣಲ್ಲೇ ಎಣಿಸುತ್ತ ಕುಳಿತಿತು. ತಣ್ಣನೆಯ ಗಾಳಿಯೊಂದು ಸುಳಿದು ಆಲ್ಕೆಯ ಕತ್ತಿನ ಕೂದಲು ನೆಟ್ಟಗಾಯಿತು. ಅವಳು ಹೆದರಿ ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಮರಿ ತಿನ್ನುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಬೆಳಗಾದ ಮೇಲೆ ಮೆಲಿತ್ತಾ ಅಜ್ಜಿ ತನ್ನ ಸೊಸೆಯನ್ನು ಕರೆದುಕೊಂಡು ಬಂದಳು. ಅಷ್ಟು ಜೋರಾದ ಬೊಗಳು ಕೇಳಿದ ಮೇಲೆ ಅವರಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬಂದು ನೋಡಿದರೆ ಮೂರ್ತಿಯ ಸುತ್ತ ನಾಯಿಗಳು ಹೊಟ್ಟೆ ತುಂಬಿ ಮಲಗಿದ್ದವು. ಪೀಠದ ಮೇಲೆ ದಪ್ಪನೆಯ ನರಿಯೊಂದು ದೇವಿಯನ್ನು ಅಪ್ಪಿಕೊಂಡು ನಡುಗುತ್ತಿತ್ತು. ಸೊಸೆ ಗಾಬರಿಯಾಗಿ, ಅತ್ತೆ, ದೇವಿಯ ಎಡೆಯನ್ನೆಲ್ಲ ನಾಯಿಗಳೇ ತಿಂದುಬಿಟ್ಟಿವೆ ಎಂದಳು. ಆಲ್ಕೆ ಕಿವಿ ಅಲುಗಿಸದೆ ಕೇಳುತ್ತಿದ್ದಳು.

ಅಜ್ಜಿ ನಕ್ಕುಬಿಟ್ಟಳು. "ಮತ್ತೆ ಇನ್ಯಾರು ತಿನ್ನಬೇಕೇ, ಹುಚ್ಚಿ? ದೇವಿಗೆಲ್ಲಿ ಹಲ್ಲಿದೆ? ಇವು ಅವಳ ಮನೆಯ ಮಕ್ಕಳು. ಮಕ್ಕಳು ಉಂಡರೆ ತಾಯಿ ಉಂಡ ಹಾಗೆ. ನಾವು ಎಡೆ ಇಡುವುದೇ ಅದಕ್ಕೆ."

ಇದನ್ನು ಇಷ್ಟು ವರ್ಷ ಯಾರಾದರೂ ನಾಯಿಗಳಿಗೆ ಹೇಳಬಾರದಿತ್ತೇ? ಯಾರೂ ಹೇಳಿರಲಿಲ್ಲ. ಎಡೆ ಇಡುವಾಗ ಮಾತಾಡಬಾರದಲ್ಲ. ಆಲ್ಕೆಯ ಎದೆಯ ಮೇಲಿನ ಭಾರ ಇಳಿಯಿತು. ಕೆರ್ದೋನೂ ಆ ಮಾತನ್ನು ಕೇಳಿತು. ಸಂಜೆಯಿಂದ ಅಪ್ಪಿಕೊಂಡಿದ್ದ ಕಾಲುಗಳು ಮರಗಟ್ಟಿದ್ದವು. ಹೊಟ್ಟೆ ಭಾರ, ಕಲ್ಲು ನುಣುಪು. ಅದು ನಿಧಾನವಾಗಿ ಜಾರಿತು. ಅಯ್ಯೋ ಅಯ್ಯೋ ಎನ್ನುತ್ತ ದೇವಿಯ ಪಾದವನ್ನು ತಡಕಾಡಿತು, ಸಿಗಲಿಲ್ಲ. ದೊಪ್ಪೆಂದು ಬ್ರೇಮೋನನ ಮುಂದೆಯೇ ಬಿತ್ತು. ಪಾದ ಬಿಟ್ಟ ಮೇಲೆ ನಿಯಮ ಇಲ್ಲವಲ್ಲ. ಆಮೇಲೆ ನಡೆದದ್ದನ್ನು ಬಿಡಿಸಿ ಹೇಳುವುದು ಬೇಡ. ಕಾಡು ದಾಟುವ ಹೊತ್ತಿಗೆ ಕೆರ್ದೋನ ಬಾಲದಲ್ಲಿ ಒಂದು ಕೂದಲೂ ಇರಲಿಲ್ಲ. ಆ ಸೀಮೆಗೆ ಅದು ಮತ್ತೆ ಕಾಲಿಡಲಿಲ್ಲ.

ಎಲ್ಲ ನಾಯಿಗಳೂ ನರಿಯ ಹಿಂದೆ ಓಡಿದಾಗ ಆಲ್ಕೆ ಒಬ್ಬಳೇ ಉಳಿದಿದ್ದಳು. ಅವಳ ಎಲುಬುಗಳು ಎದ್ದು ಕಾಣುತ್ತಿದ್ದವು. ಮೆಲಿತ್ತಾ ಅಜ್ಜಿ ಅವಳನ್ನೂ ಪಕ್ಕದಲ್ಲಿ ಮಲಗಿದ್ದ ಮರಿಗಳನ್ನೂ ನೋಡಿದಳು. ಪೀಠದ ಮೂಲೆಯಲ್ಲಿ ಉಳಿದಿದ್ದ ಸಿಹಿ ರೊಟ್ಟಿಯನ್ನು ಮುರಿದು ಅವಳ ಮುಂದೆ ಇಟ್ಟು, "ತಿನ್ನು ಮಗಳೇ, ನಿನ್ನದೇ," ಎಂದಳು.

ಆಲ್ಕೆ ಆ ದಿನ ಬಾಲ ಮುದುರಲಿಲ್ಲ, ಓಡಲೂ ಇಲ್ಲ. ಹಗಲಿನ ಬೆಳಕಿನಲ್ಲಿ, ಮೂರು ಮುಖದ ದೇವಿಯ ಎದುರಿಗೇ ಕುಳಿತು ನಿಧಾನವಾಗಿ ಅಗಿದು ತಿಂದಳು. ಮಧ್ಯಾಹ್ನದ ಹೊತ್ತಿಗೆ ಅವಳ ಎದೆಯಲ್ಲಿ ಹಾಲು ಬಂತು. ಅಣ್ಣಂದಿರು ಏಳುವ ಮೊದಲೇ ಮಿಕ್ಕಾ ಹೊಟ್ಟೆ ತುಂಬ ಕುಡಿಯಿತು.

ನೀತಿ: ನಮ್ಮ ಪಾಲಿನ ತುತ್ತನ್ನೇ ಕಳ್ಳತನವೆಂದು ಹೇಳಿ ನಮ್ಮನ್ನು ನಾಚಿಸುವವನು ಬಂದರೆ, ತಲೆ ತಗ್ಗಿಸುವ ಮೊದಲು ಅವನ ಬಾಯಿಯಲ್ಲಿ ಏನಿದೆ ಎಂದು ತಿರುಗಿ ನೋಡಬೇಕು.